ಸಮ, ಬೆಸ

ಅಮ್ಮತ್ತಿಯಿಂದ ಒಳಗೆ ನಾಲ್ಕು ಮೈಲಿ,
ರೊಬಸ್ಟಾ ಕೊಯ್ಲಿನ ಮೂರನೇ ವಾರ.
ಕಣದ ಮೂಲೆಯಲ್ಲಿ ತೂಕದ ಯಂತ್ರ,
ಇಪ್ಪತ್ತೆರಡು ವರ್ಷದ ಕಬ್ಬಿಣ,
ಬೆನ್ನಿಗೆ ಒಂಬತ್ತು ತೂತಿನ ಬಾಯಿ.
ಇದುವರೆಗೆ ಯಾರೂ ಅದನ್ನು ಮಾತಾಡಿಸಿರಲಿಲ್ಲ.
ತೂತಿಗೆ ಜೇಡ ಬಾಗಿಲು ನೆಯ್ದಿತ್ತು. ಊದಿದೆ.

ಯಜಮಾನರ ಮಗಳು ಫೋನಿನಲ್ಲಿ ಹೇಳಿದ್ದಿಷ್ಟೆ:
"ಸುಹರಾ, ತೂಕ ನೇರ ಟ್ಯಾಬಿಗೆ ಬರಬೇಕು.
ನಡುವೆ ಪೆನ್ನು ಬೇಡ."
ಪೆನ್ನು ರೈಟರ್ ಉತ್ತಯ್ಯನವರ ಕಿವಿಯ ಮೇಲಿತ್ತು,
ಎಲ್ಲ ಕೇಳಿಸಿಕೊಂಡ ಹಾಗೆ.

ಟ್ಯಾಬಿಗಿರುವುದು ಅವರೆಕಾಳಿನಷ್ಟು ಕಿಂಡಿ.
ನಡುವೆ ನಿಲ್ಲಲು ನನ್ನ ಚೀಲದಿಂದ ಮೂವರು ದಲ್ಲಾಳಿಗಳು:
ಕುಳ್ಳ ಅಡಾಪ್ಟರ್,
ನೀಲಿ ಕೇಬಲ್ಲು,
ಆಮೇಲೊಂದು ಅಡ್ಡ ಕಟ್ಟಿದ ತುಂಡು,
ಅದರೊಳಗೆ ಎರಡನೇ ತಂತಿ ಮೂರಕ್ಕೆ, ಮೂರನೆಯದು ಎರಡಕ್ಕೆ.
ಇಲ್ಲದಿದ್ದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ,
ಜಗಳದ ಮನೆಯ ಹಾಗೆ.

ಈ ಸಾಧನಕ್ಕೆ ಅನುಮತಿ ಕೊಡುವಿರಾ, ಕೇಳಿತು ಟ್ಯಾಬು.
ಕೊಟ್ಟೆ. ಎಷ್ಟೊಂದು ವಿನಯ.

ಮೊದಲ ಚೀಲ ಬೋಜಿಯದು.
ಯಂತ್ರ ಕೆಂಪಗೆ ಉರಿಸಿತು ನಲವತ್ತಾರು ಪಾಯಿಂಟ್ ಎರಡು.
ಟ್ಯಾಬಿನಲ್ಲಿ ಚೌಕ, ಚೌಕ, ಪ್ರಶ್ನೆಚಿಹ್ನೆ,
ತಲೆಕೆಟ್ಟ ಒಂದು ಅಕ್ಷರ, ಮತ್ತೆ ಚೌಕ.
"ಇದಕ್ಕೆ ಕನ್ನಡ ಬರೋದಿಲ್ವ?" ರೈಟರು ನಕ್ಕರು.
ಬರೋದು ಆ ಮುದುಕನಿಗೇ ಇಲ್ಲ, ಅಂದೆ.
ಅವನು ನಿಧಾನಕ್ಕೆ ಹೇಳುತ್ತಾನೆ,
ಇವಳು ಓಡುತ್ತ ಕೇಳುತ್ತಾಳೆ.
ಒಂಬತ್ತು ಸಾವಿರದ ಆರುನೂರರಿಂದ ಇಳಿಸಿದೆ,
ನಾಲ್ಕು ಸಾವಿರದ ಎಂಟುನೂರು,
ಎರಡು ಸಾವಿರದ ನಾನೂರು.
ಚೌಕಗಳು ಕಡಿಮೆಯಾದವು. ಒಂದು ಆರು ಇಣುಕಿ ಹೋಯಿತು.

ಉಳಿದದ್ದು ಪ್ಯಾರಿಟಿ. ಸಮವೋ, ಬೆಸವೋ.
ಪ್ರತಿ ಅಕ್ಷರದ ಒಂದುಗಳನ್ನು ಎಣಿಸಿ
ಬೆಸ ಬಂದರೆ ಇನ್ನೊಂದು ಸೇರಿಸಿ ಕಳಿಸುತ್ತಾನೆ ಮುದುಕ,
ದಾರಿಯಲ್ಲಿ ಒಂದು ಬಿದ್ದುಹೋದರೂ
ಕೇಳುವವರಿಗೆ ತಿಳಿಯಲೆಂದು.
ಒತ್ತಿದೆ: ಸಮ.
ನಲವತ್ತಾರು ಪಾಯಿಂಟ್ ಎರಡು.
ಮತ್ತೆ ನಲವತ್ತಾರು ಪಾಯಿಂಟ್ ಎರಡು. ಮತ್ತೆ.
ಇಪ್ಪತ್ತೆರಡು ವರ್ಷದ ಮೌನ ಹೀಗೇ ಒಡೆಯುತ್ತದೆ,
ಒಂದೇ ಮಾತು ನೂರು ಸಲ.

ಸಾಲು ಉದ್ದವಿತ್ತು. ಜೀಪಿನವನು ಹಾರ್ನ್ ಒತ್ತುತ್ತಿದ್ದ:
ಐದೂವರೆ ದಾಟಿದರೆ ರಸ್ತೆ ಆನೆಯದು.
ಬ್ಯಾಟರಿ ನೂರಕ್ಕೆ ಹತ್ತೊಂಬತ್ತು. ಚಾರ್ಜಿಗೆ ಹಾಕುವ ಹಾಗಿಲ್ಲ,
ಕೇಳುವುದಕ್ಕೂ ಉಣ್ಣುವುದಕ್ಕೂ ಇರುವುದು ಒಂದೇ ಕಿಂಡಿ.

ಆಗ ರೈಟರು ಪಕ್ಕಕ್ಕೆ ಬಂದು, ಮೆಲ್ಲಗೆ:
"ಚೀಲಕ್ಕೆ ಎರಡು ಕಿಲೋ ಕಳೀಬೇಕು, ಅದನ್ನೂ ಒಳಗೇ ಹಾಕಿಬಿಡಿ.
ಮೊದಲಿಂದ ಇರೋ ಲೆಕ್ಕ."
ಖಾನೆ ಇತ್ತು ನಿಜ. ಗೆರೆಯೊಂದು ಮಿಣುಕುತ್ತಿತ್ತು.
ಅಕ್ಷರ ಅಕ್ಷರವನ್ನೂ ಕಾಯುವ ಆ ಲೆಕ್ಕ
ಕೇಬಲ್ಲು ಮುಗಿದಲ್ಲಿಗೆ ಮುಗಿಯುತ್ತದೆ.
ಮುಂದಿನದು ಬೆರಳಿನದು. ಈ ಹೊತ್ತು ನನ್ನ ಬೆರಳಿನದು.

ಬೋಜಿಯ ಖಾಲಿ ಗೋಣಿ ಇಸಕೊಂಡು
ಯಂತ್ರದ ಮೇಲೆ ಹಾಸಿದೆ.
ಟ್ಯಾಬನ್ನು ಸಾಲಿನ ಕಡೆ ತಿರುಗಿಸಿದೆ.
ಯಾರೂ ಮಾತಾಡಲಿಲ್ಲ.
ಓದು ಬಾರದ ಬೋಜಿ ಬಗ್ಗಿ ನೋಡಿ ಅಂದಳು,
"ಮುಂದೆ ಇರೋದು ಸೊನ್ನೆ ಅಲ್ವಾ?"

ಸೊನ್ನೆ ಪಾಯಿಂಟ್ ಎಂಟು.
"ಹಣ್ಣಿನ ರಸ ಕುಡಿದ ಗೋಣಿ ಅದು, ಒಣಗಿದ್ದು ತೂಗಿ," ಎಂದರು ರೈಟರು,
ಹೇಳಿ ಮುಗಿಸಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು.
ಖಾನೆಯಲ್ಲಿ ಸೊನ್ನೆ ಪಾಯಿಂಟ್ ಎಂಟು ಒತ್ತಿದೆ.
ನಾಳೆ ಯಾರಾದರೂ ತಿದ್ದಬಹುದು. ಪಾಸ್‌ವರ್ಡ್ ನನ್ನದಲ್ಲ.

ಎರಡು ಪುಟ್ಟ ಸ್ಕ್ರೂಗಳನ್ನು ಉಗುರಿನಿಂದ ಬಿಗಿದು
ಜೀಪಿನ ಬೆನ್ನಿಗೇ ಸ್ಕೂಟರು ಬಿಟ್ಟೆ.
ಗೇಟು ದಾಟಿದ ಮೇಲೆ ನೆನಪಾಯಿತು,
ಆ ಅಡ್ಡ ಕಟ್ಟಿದ ತುಂಡಿನ ದುಡ್ಡು ಕೇಳಲಿಲ್ಲ.
ನೂರ ಎಂಬತ್ತು ರೂಪಾಯಿ.